ಹುಣಿಸೆಯ ಮರದ ಬಾಣಂತಿಯರು

ವನ್ಯಜೀವಿಗಳನ್ನು ನೋಡಬೇಕೆಂದು ಹೊರಡುವ ಪಟ್ಟಣವಾಸಿಯ ಮನಸ್ಸಿನಲ್ಲಿ ಒಂದು ಚಿತ್ರ ಮೊದಲೇ ಸಿದ್ಧವಾಗಿರುತ್ತದೆ. ಕಾಡಿನ ಅಂಚಿನಲ್ಲಿ ಒಂದು ದ್ವಾರ. ದ್ವಾರದ ಬಳಿ ಟಿಕೆಟ್ಟಿನ ಕಿಂಡಿ. ಕಾಕಿ ಉಡುಪಿನ ಕಾವಲುಗಾರ. ಅವನ ಅಪ್ಪಣೆಯಾದ ಮೇಲೆ ಧೂಳೆಬ್ಬಿಸುತ್ತ ಹೊರಡುವ ಜೀಪು. ಬಂಡೀಪುರಕ್ಕೆ ಹೋದವರೂ ನಾಗರಹೊಳೆಗೆ ಹೋದವರೂ ಇದನ್ನೇ ಕಂಡು ಬಂದಿರುವುದರಿಂದ, ಮೃಗಪಕ್ಷಿಗಳಿಗೂ ಮನುಷ್ಯನಿಗೂ ನಡುವೆ ಒಂದು ಬೇಲಿ ಇದ್ದೇ ತೀರಬೇಕೆಂದು ಅವರು ನಂಬಿದ್ದರೆ ತಪ್ಪೇನೂ ಇಲ್ಲ. ಆದರೆ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಒಂದು ಹಳ್ಳಿಯಿದೆ. ಅಲ್ಲಿ ಹಕ್ಕಿಗೂ ಮನುಷ್ಯನಿಗೂ ನಡುವೆ ಬೇಲಿಯೆಂಬುದೇ ಇಲ್ಲ. ಜಗತ್ತಿನಲ್ಲಿ ಅಪರೂಪವಾಗುತ್ತಿರುವ ಹೆಜ್ಜಾರ್ಲೆಯು ಅಲ್ಲಿ ಮನೆಯ ಹಿತ್ತಲಿನ ಹುಣಿಸೆಯ ಮರದಲ್ಲಿ ಗೂಡು ಕಟ್ಟಿ ಮರಿ ಮಾಡುತ್ತದೆ. ಅದರ ನೆರಳಿನಲ್ಲೇ ಮನೆಯೊಡತಿ ಪಾತ್ರೆ ಬೆಳಗುತ್ತಿರುತ್ತಾಳೆ.

ಊರಿನ ಹೆಸರು ಬೆಳ್ಳೂರು. ಅದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಇನ್ನೊಂದು ಬೆಳ್ಳೂರಿದೆ, ಬಿ.ಎಂ.ಶ್ರೀ. ಅವರ ಹೆಸರಿನ ಮೊದಲಕ್ಷರದಲ್ಲಿ ಅಡಗಿರುವುದು ಆ ಊರು. ಅದರೊಡನೆ ಗೊಂದಲವಾಗಬಾರದೆಂದೋ, ಹಕ್ಕಿಗಳ ಮೇಲಣ ಅಭಿಮಾನದಿಂದಲೋ, ಮದ್ದೂರಿನ ಈ ಬೆಳ್ಳೂರನ್ನು ಜನರು ಕೊಕ್ಕರೆ ಬೆಳ್ಳೂರೆಂದೇ ಕರೆಯುತ್ತಾರೆ.

ಮಂಡ್ಯ ಜಿಲ್ಲೆಗೆ ಹಕ್ಕಿಯ ಭಾಗ್ಯ ಹೊಸತಲ್ಲ. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಅದು ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದರ ಮರುವರ್ಷವೇ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಉಂಟಾದ ನಡುಗಡ್ಡೆಗಳು ಅವು. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ, ನೋಡಹೋದವರು ದೋಣಿಯಲ್ಲಿ ಕುಳಿತು ಅಂಬಿಗನು ತೋರಿಸಿದ್ದನ್ನು ನೋಡಿ ಹಿಂದಿರುಗಬೇಕು. ಹಕ್ಕಿಗೆ ಅದು ಭದ್ರವಾದ ಕೋಟೆ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಸುತ್ತಣ ಕಾಡು 1987ರಲ್ಲಿ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿತು. ಅಲ್ಲಿ ಆನೆಯಿದೆ, ನೀರುನಾಯಿಯಿದೆ. ಅದೂ ಒಂದು ಕೋಟೆಯೇ. ಬೆಳ್ಳೂರಿಗೆ ಮಾತ್ರ ನೀರಿನ ಕಂದಕವೂ ಇಲ್ಲ, ಕಾಡಿನ ಮರೆಯೂ ಇಲ್ಲ. ಅಲ್ಲಿ ಹಕ್ಕಿಗೆ ಇರುವ ಕಾವಲು ಊರವರ ಮನಸ್ಸೊಂದೇ.

ಬೆಂಗಳೂರಿನಿಂದ ಮೈಸೂರಿನ ದಾರಿ ಹಿಡಿದು ಬರುವವರು ಚನ್ನಪಟ್ಟಣವನ್ನು ದಾಟಿ, ಮದ್ದೂರು ಇನ್ನೂ ಕೆಲವು ಮೈಲಿ ಇರುವಂತೆಯೇ, ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಬೇಕು. ಅಲ್ಲಿಂದ ಸುಮಾರು 12 ಕಿಲೋಮೀಟರು. 2023ರಲ್ಲಿ ತೆರೆದ ಹೊಸ ಹೆದ್ದಾರಿಯ ಮೇಲೆ ಬಾಣದಂತೆ ಸಾಗುವ ಕಾರುಗಳಿಗೆ ಈ ತಿರುವು ಗಮನಕ್ಕೆ ಬಾರದೆ ಹೋಗುವುದೇ ಹೆಚ್ಚು. ಮದ್ದೂರಿನ ವಡೆಯೂ ಅಂಥವರಿಗೆ ತಪ್ಪಿಹೋಗುತ್ತದೆನ್ನುವುದು ಬೇರೆ ಮಾತು. ಕವಲು ದಾರಿಗೆ ಇಳಿದವರಿಗೆ ಕಬ್ಬು, ರಾಗಿ, ತೆಂಗು, ಹಿಪ್ಪುನೇರಳೆ, ನಡುನಡುವೆ ಒಂದೊಂದು ಕೆರೆ ಎದುರಾಗುತ್ತವೆ. ತುಮಕೂರು ಸೀಮೆಯ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಮದ್ದೂರನ್ನು ಹಾದು, ಮಳವಳ್ಳಿಯ ಕಡೆಗೆ ಹರಿದು ಕಾವೇರಿಯನ್ನು ಸೇರುವ ಶಿಂಷೆಯು ಊರಿಗೆ ದೂರವಿಲ್ಲ.

ಫೆಬ್ರವರಿ ತಿಂಗಳ ಒಂದು ಬೆಳಗ್ಗೆ ಅಲ್ಲಿಗೆ ಬಂದಿಳಿದವನಿಗೆ ಮೊದಲು ಆಗುವ ಅನುಭವ ಕಣ್ಣಿನದಲ್ಲ, ಮೂಗಿನದು. ಮೀನಿನ ವಾಸನೆಯೂ ಹಿಕ್ಕೆಯ ವಾಸನೆಯೂ ಬೆರೆತ ಒಂದು ಕಟು ಗಂಧ ಊರನ್ನೆಲ್ಲ ಆವರಿಸಿರುತ್ತದೆ. ಅನಂತರ ಕಿವಿ. ಪ್ರಾಯಕ್ಕೆ ಬಂದ ಬಣ್ಣದ ಕೊಕ್ಕರೆಗೆ ಕಂಠವೆಂಬುದು ಇಲ್ಲವೆಂದೇ ಹೇಳಬೇಕು. ಅದು ಕೊಕ್ಕುಗಳನ್ನು ಒಂದಕ್ಕೊಂದು ತಾಕಿಸಿ ಕಟಕಟನೆ ಸದ್ದು ಮಾಡುತ್ತದೆ, ಅಷ್ಟೆ. ಹಿರಿಯ ಹೆಜ್ಜಾರ್ಲೆಯೂ ಬಹುಮಟ್ಟಿಗೆ ಮೌನಿ. ಊರು ಕೇಳುವ ಗದ್ದಲವೆಲ್ಲ ಮರಿಗಳದು. ಹಸಿವಾದ ಮರಿಗಳೆಲ್ಲ ಒಂದೇ ಸಮನೆ ಅರಚತೊಡಗಿದರೆ ಕೆಳಗಿನ ಜಗಲಿಯಲ್ಲಿ ಕುಳಿತವರು ಮಾತು ನಿಲ್ಲಿಸಿ ಕಾಯಬೇಕಾಗುತ್ತದೆ.

ಕಣ್ಣಿನ ಸರದಿ ಆಮೇಲಿನದು. ಒಂದೇ ಮರದ ತುದಿಯಲ್ಲಿ ಹತ್ತಾರು ಗೂಡುಗಳು; ಹುಣಿಸೆಯ ಸಣ್ಣ ಎಲೆಗಳು ಕಾಣದಷ್ಟು ಹಕ್ಕಿಗಳು. ಬಣ್ಣದ ಕೊಕ್ಕರೆಗೆ ಆ ಹೆಸರು ಬಂದದ್ದು ಸುಮ್ಮನಲ್ಲ. ಬಿಳಿಯ ಮೈ, ಕಪ್ಪು ಪಟ್ಟೆ, ಕಿತ್ತಳೆಯ ತಲೆ, ಹಳದಿಯ ಉದ್ದನೆಯ ಕೊಕ್ಕು, ರೆಕ್ಕೆಯ ಕೊನೆಯಲ್ಲಿ ಯಾರೋ ಕುಂಕುಮದ ಕೈಯಿಂದ ಮುಟ್ಟಿದಂತೆ ಒಂದು ಗುಲಾಬಿಯ ಛಾಯೆ. ಅದರ ಪಕ್ಕದಲ್ಲಿ ಹೆಜ್ಜಾರ್ಲೆಯು ಬೂದುಬಣ್ಣದ ಭಾರಿ ಆಳು. ಎರಡೂ ರೆಕ್ಕೆಗಳನ್ನು ಬಿಚ್ಚಿದರೆ ಎತ್ತರದ ಮನುಷ್ಯನೊಬ್ಬನು ತೋಳು ಚಾಚಿದ್ದಕ್ಕಿಂತ ಅಗಲ. ಕೊಕ್ಕಿನ ಅಡಿಯಲ್ಲಿ ಜೋಲುವ ಚರ್ಮದ ಚೀಲ. ತಾಯಿ ಕೆರೆಯಿಂದ ಬಂದು ಕುಳಿತದ್ದೇ ತಡ, ಮರಿಯು ಆ ಚೀಲದೊಳಕ್ಕೆ ತಲೆಯನ್ನೇ ತೂರಿಸಿ ಗಂಟಲಿನಿಂದ ಮೀನನ್ನು ಎಳೆದುಕೊಳ್ಳುತ್ತದೆ. ಮೊದಲ ಬಾರಿಗೆ ನೋಡಿದವರು ತಾಯಿಯೇ ಮರಿಯನ್ನು ನುಂಗುತ್ತಿದೆಯೆಂದು ಬೆಚ್ಚುವುದುಂಟು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೊಕ್ಕರೆಯು ಗೂಡಿನ ಅಂಚಿನಲ್ಲಿ ನಿಂತು, ರೆಕ್ಕೆಯನ್ನು ಛತ್ರಿಯಂತೆ ಅರಳಿಸಿ, ಮರಿಗಳಿಗೆ ನೆರಳು ಹಿಡಿಯುತ್ತದೆ. ಹೊಟ್ಟೆಯಲ್ಲಿ ತುಂಬಿ ತಂದ ನೀರನ್ನು ಮರಿಗಳ ಬಾಯಿಗೆ ಹನಿಸುತ್ತದೆ. ಅದರ ಕೆಳಗೆ, ಅದೇ ಹೊತ್ತಿನಲ್ಲಿ, ಮರದ ಬುಡದ ತೊಟ್ಟಿಲಿನಲ್ಲಿ ಮನುಷ್ಯರ ಮಗುವೊಂದು ಮಲಗಿರುವುದೂ ಉಂಟು.

‘ಇವು ಎಲ್ಲಿಂದ ಬಂದಿವೆ?’ ಎಂದು ಹೊರಗಿನವರು ಕೇಳಿದರೆ ಆ ಊರಿನಲ್ಲಿ ಸಿಗುವ ಉತ್ತರ ಭೂಗೋಳದ್ದಲ್ಲ. ‘ನಮ್ಮೂರ ಹೆಣ್ಣುಮಕ್ಕಳು ಕಣಪ್ಪ, ಬಾಣಂತನಕ್ಕೆ ತವರಿಗೆ ಬಂದವೆ’ ಎಂಬ ಅರ್ಥದ ಮಾತನ್ನು ಅಲ್ಲಿನ ಮುದುಕಿಯರು ಬಹು ಸಹಜವಾಗಿ ಆಡುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಊರು ಶಿಂಷೆಯ ದಡದಲ್ಲಿತ್ತಂತೆ. ಪ್ಲೇಗು ಬಡಿದಾಗ ಜನರು ಗಂಟುಮೂಟೆ ಕಟ್ಟಿಕೊಂಡು ಈಗಿನ ಜಾಗಕ್ಕೆ ಬಂದರಂತೆ. ಹಳೆಯ ಊರಿನ ಮರಗಳನ್ನು ಬಿಟ್ಟು ಹಕ್ಕಿಗಳೂ ಅವರ ಹಿಂದೆಯೇ ಬಂದವಂತೆ. ಹಕ್ಕಿ ಬಂದ ವರ್ಷ ಮಳೆಬೆಳೆ ಚೆನ್ನಾಗಿರುತ್ತದೆ, ಹಕ್ಕಿ ಕಡಿಮೆಯಾದರೆ ಊರಿಗೆ ಒಳ್ಳೆಯದಲ್ಲವೆಂಬ ನಂಬಿಕೆ ಹಿಂದಿನಿಂದ ನಡೆದುಬಂದಿದೆ. ಕೆರೆಯಲ್ಲಿ ನೀರಿದ್ದರೆ ಮೀನು, ಮೀನಿದ್ದರೆ ಹಕ್ಕಿ ಎಂಬ ಲೆಕ್ಕದಿಂದ ನೋಡಿದರೆ ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲೂ ಆಗುವುದಿಲ್ಲ.

ತವರಿನ ಹೋಲಿಕೆ ಕೇಳಲು ಇಂಪಾಗಿದೆ. ಆದರೆ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಮಗಳ ಬಾಣಂತನವನ್ನು ಕಂಡವರಿಗೆ ಅದರ ಇನ್ನೊಂದು ಮುಖವೂ ಗೊತ್ತು. ಮಗಳು ಬಂದರೆ ಸಂತೋಷವೇನೋ ಹೌದು, ಖರ್ಚೂ ಹೌದು. ಮೂರು ತಿಂಗಳೋ ಐದು ತಿಂಗಳೋ ಎಣ್ಣೆನೀರು, ಬೆಳ್ಳುಳ್ಳಿ, ತುಪ್ಪ, ಸಾಂಬ್ರಾಣಿ ಎಲ್ಲವೂ ತವರಿನವರ ಪಾಲಿಗೆ. ಹೆಜ್ಜಾರ್ಲೆಯ ಮರಿಯು ಗೂಡು ಬಿಟ್ಟು ಸ್ವತಂತ್ರವಾಗಲು ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಬೆಳ್ಳೂರಿನ ತವರು ಆ ಖರ್ಚನ್ನು ಹುಣಿಸೆಯ ಲೆಕ್ಕದಲ್ಲಿ ಹೊತ್ತುಕೊಂಡು ಬಂದಿದೆ.

ಲೆಕ್ಕ ಹೀಗಿದೆ. ಹುಣಿಸೆಯ ಕಾಯಿ ಹಣ್ಣಾಗಿ ಬಡಿಯಲು ಸಿದ್ಧವಾಗುವುದು ಸಂಕ್ರಾಂತಿಯಿಂದ ಯುಗಾದಿಯವರೆಗಿನ ದಿನಗಳಲ್ಲಿ. ಹೆಜ್ಜಾರ್ಲೆಗಳು ದೀಪಾವಳಿಯ ಆಸುಪಾಸಿನಲ್ಲಿ ಬರಲಾರಂಭಿಸಿ, ಬಣ್ಣದ ಕೊಕ್ಕರೆಗಳು ವರ್ಷದ ಆರಂಭದಲ್ಲಿ ಅವುಗಳನ್ನು ಕೂಡಿಕೊಳ್ಳುತ್ತವೆ. ಅಂದರೆ ಹಣ್ಣು ಮಾಗುವ ಹೊತ್ತಿಗೆ ಸರಿಯಾಗಿ ಕೊಂಬೆಕೊಂಬೆಯಲ್ಲಿ ಮೊಟ್ಟೆಯೋ ಮರಿಯೋ ಇರುತ್ತದೆ. ಮರ ಹತ್ತಿ ಕೊಂಬೆಯನ್ನು ಅಲುಗಿಸಿದರೆ, ಗಳುವಿನಿಂದ ಬಡಿದರೆ, ಹಣ್ಣಿನೊಡನೆ ಮರಿಗಳೂ ಉದುರುತ್ತವೆ. ಬಡಿಯದೆ ಬಿಟ್ಟರೆ ಹಣ್ಣು ಮರದ ಮೇಲೆಯೇ ಹಿಕ್ಕೆ ಮೆತ್ತಿಕೊಂಡು ಕೆಡುತ್ತದೆ. ನೆರೆಯ ಊರಿನ ರೈತನು ಮರವನ್ನು ವ್ಯಾಪಾರಿಗೆ ಗುತ್ತಿಗೆಗೆ ಕೊಟ್ಟು ಕೈತುಂಬ ಹಣ ಎಣಿಸಿಕೊಳ್ಳುವಾಗ, ಅವನ ಮನೆಯವರು ಹಣ್ಣು ಕುಟ್ಟಿ ಬೀಜ ತೆಗೆದು ಉಪ್ಪು ಬೆರೆಸಿ ಮಡಕೆಗೆ ತುಂಬುವಾಗ, ಬೆಳ್ಳೂರಿನ ಮರದೊಡೆಯನು ಕೈಕಟ್ಟಿ ಕುಳಿತುಕೊಂಡಿರಬೇಕು. ಸಾರಿಗೆ ಬೇಕಾದ ಹುಣಿಸೆಯನ್ನು, ಮನೆಯ ಮುಂದೆಯೇ ಮರವಿದ್ದೂ, ಅವನು ಸಂತೆಯಲ್ಲಿ ಕೊಂಡು ತರಬೇಕಾದೀತು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ತಲೆತಲಾಂತರದಿಂದ.

ಈ ತ್ಯಾಗಕ್ಕೆ ಒಂದು ಬೆಲೆ ಕಟ್ಟಬೇಕೆಂದು ಸರ್ಕಾರಕ್ಕೆ ತೋರಿದ್ದು ಬಹು ತಡವಾಗಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆರ್ಡನ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞನು, ದಕ್ಷಿಣದೇಶದ ಒಂದು ಹಳ್ಳಿಯ ನಡುವೆಯೇ ಹೆಜ್ಜಾರ್ಲೆಗಳು ಜನರಿಗಂಜದೆ ಗೂಡು ಕಟ್ಟುತ್ತಿದ್ದುದನ್ನು ತಾನು ಕಂಡುದಾಗಿ ಬರೆದಿದ್ದನು. ಆದರೆ ಬೆಳ್ಳೂರು ಎಂಬ ಹೆಸರು ಪಕ್ಷಿಶಾಸ್ತ್ರದ ಪುಟಗಳಿಗೆ ಏರಿದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇಲ್ಲಿಗೆ ಬಂದ ಮೇಲೆ. ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿ ಮುಂದೆ ಹೆಸರಾದವರು ಇವರೇ. ಅವರು ಬೆಳ್ಳೂರಿನ ಗೂಡುಗಳನ್ನು ಕುರಿತು ಲೇಖನ ಬರೆದು ಸುಮ್ಮನಾಗಲಿಲ್ಲ. ಮರದೊಡೆಯನಿಗೆ ಆಗುವ ನಷ್ಟವನ್ನೂ ಕಂಡರು. ಅವರ ಪ್ರಯತ್ನದಿಂದ, ಹಕ್ಕಿ ಗೂಡು ಕಟ್ಟಿದ ಮರಕ್ಕೆ ಇಷ್ಟೆಂದು ಅರಣ್ಯ ಇಲಾಖೆಯು ಮಾಲೀಕನಿಗೆ ಹಣ ಕೊಡುವ ಏರ್ಪಾಡು ಬಂತು. ಪ್ರತಿಯಾಗಿ ಅವನು ಮರವನ್ನು ಕಡಿಯಬಾರದು, ಆ ಕಾಲದಲ್ಲಿ ಹಣ್ಣು ಬಡಿಯಬಾರದು. ಕಾಡಿನ ಅಧಿಕಾರಿಯೊಬ್ಬನು ದಂಡ ಹಾಕುವುದರ ಬದಲು ಹಣ ಕೊಡಿಸಿದ್ದನ್ನು ನಮ್ಮ ಹಳ್ಳಿಗಳು ಹೆಚ್ಚಾಗಿ ಕಂಡಿಲ್ಲ. ಆ ಮೊತ್ತವು ಹುಣಿಸೆಯ ಪೇಟೆಧಾರಣೆಗೆ ಎಂದೂ ಸಮನಾಗಲಿಲ್ಲವೆಂಬ ಕೊರಗು ಊರಿನಲ್ಲಿ ಇದ್ದೇ ಇದೆ, ಮತ್ತು ಆ ಕೊರಗು ನ್ಯಾಯವಾದದ್ದೇ. ಆದರೂ, ಖರ್ಚು ತವರಿನದು ಮಾತ್ರವಲ್ಲ, ಹಕ್ಕಿಯನ್ನು ನೋಡಿ ಸಂತೋಷಪಡುವ ನಾಡಿನದೂ ಹೌದೆಂಬುದು ಅಂದು ಲೆಕ್ಕದ ಪುಸ್ತಕದಲ್ಲಿ ದಾಖಲಾಯಿತು.

ಬೆಳ್ಳೂರಿನವರಿಗೆ ಹಕ್ಕಿಯಿಂದ ಬರುವ ಲಾಭವೂ ಒಂದಿದೆ. ಅದು ಮೇಲಿನಿಂದಲೇ ಬೀಳುತ್ತದೆ. ಗೂಡಿರುವ ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡನ್ನು ತಂದು ಹರಡುತ್ತಾರೆ. ತಿಂಗಳುಗಟ್ಟಲೆ ಬಿದ್ದ ಹಿಕ್ಕೆ ಅದರೊಡನೆ ಬೆರೆತು, ಮುಂಗಾರಿನ ಹೊತ್ತಿಗೆ ಬಲವಾದ ಗೊಬ್ಬರವಾಗುತ್ತದೆ. ಸಾರಜನಕವೂ ರಂಜಕವೂ ತುಂಬಿದ ಆ ಗೊಬ್ಬರಕ್ಕೆ ಅಂಗಡಿಯ ಚೀಲ ಸಾಟಿಯಲ್ಲವೆಂದು ರೈತರು ಹೇಳುತ್ತಾರೆ. ವಾಸನೆಯನ್ನು ಕುರಿತು ಮೂಗು ಮುರಿಯುವವರು ಅಲ್ಲಿಗೆ ಹೊಸದಾಗಿ ಸೊಸೆಯಾಗಿ ಬಂದವರು ಮಾತ್ರವೆಂದೂ, ಎರಡು ವರ್ಷದಲ್ಲಿ ಅವರಿಗೂ ಅಭ್ಯಾಸವಾಗುತ್ತದೆಂದೂ ನಗೆಯಾಡುವುದುಂಟು.

ಇನ್ನು ಕೆಳಗೆ ಬಿದ್ದ ಮರಿಗಳ ಮಾತು. ಗೂಡುಗಳು ಒತ್ತೊತ್ತಾಗಿರುತ್ತವೆ; ಗಾಳಿ ಬೀಸಿದರೆ, ಒಡಹುಟ್ಟಿದವು ತಳ್ಳಾಡಿದರೆ, ಮರಿ ನೆಲಕ್ಕೆ ಬೀಳುತ್ತದೆ. ಬಿದ್ದ ಮರಿಯನ್ನು ತಾಯಿ ಮತ್ತೆ ನೋಡುವುದಿಲ್ಲ. ಮೇಲಿನ ಗೂಡಿಗೆ ಮೀನು ತರುವ ಅದೇ ತಾಯಿ, ಹತ್ತು ಮಾರು ಕೆಳಗೆ ಬಾಯಿ ತೆರೆದು ಕೂಗುವ ತನ್ನದೇ ಮರಿಗೆ ಒಂದು ತುತ್ತನ್ನೂ ಕೊಡುವುದಿಲ್ಲ. ಅದು ನಿರ್ದಯವಲ್ಲ, ನೆಲದ ಮೇಲಿನ ಮರಿಯನ್ನು ಸಾಕುವ ದಾರಿ ಆ ಜಾತಿಗೆ ತಿಳಿದೇ ಇಲ್ಲ. ನಾಯಿಯೋ ಹಸಿವೋ ಅದನ್ನು ಮುಗಿಸಬೇಕು.

1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗವೀಕ್ಷಕರ ಸಂಘದವರು, ಕೆ. ಮನು ಅವರ ನೇತೃತ್ವದಲ್ಲಿ, ಊರಿನ ಯುವಕರನ್ನು ಕಲೆಹಾಕಿ ಈ ಕೆಲಸಕ್ಕೆ ಕೈಹಾಕಿದರು. ಹಾಗೆ ಹುಟ್ಟಿದ್ದು ‘ಹೆಜ್ಜಾರ್ಲೆ ಬಳಗ’. ಬಿದ್ದ ಮರಿಯನ್ನು ಎತ್ತಿ ತಂದು, ತಂತಿಬಲೆಯ ಅಂಗಳವೊಂದರಲ್ಲಿ ಬಿಟ್ಟು, ಗಾಯವಾಗಿದ್ದರೆ ಉಪಚರಿಸಿ, ಕೈಯಾರೆ ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವುದು ಅವರ ಕಾಯಕ. ಬರೆದಷ್ಟು ಸುಲಭವಲ್ಲ ಅದು. ಬೆಳೆಯುತ್ತಿರುವ ಹೆಜ್ಜಾರ್ಲೆಯ ಹೊಟ್ಟೆಗೆ ತಳವಿಲ್ಲ. ಹತ್ತು ಮರಿಗಳಿದ್ದರೆ ದಿನವೂ ಬುಟ್ಟಿಗಟ್ಟಲೆ ಮೀನು ಬೇಕು, ಅದನ್ನು ಹಣ ಕೊಟ್ಟು ತರಬೇಕು, ಬೇಸಗೆಯಲ್ಲಿ ಕೆಡದಂತೆ ನೋಡಿಕೊಳ್ಳಬೇಕು. ಕೊಕ್ಕಿನ ತುದಿಯ ಕೊಕ್ಕೆಯಿಂದ ಕೈಯೆಲ್ಲ ಗೀರಿಸಿಕೊಳ್ಳಬೇಕು. ಕೂಲಿಗೆ ಹೋಗಬೇಕಾದ ಯುವಕನು ಈ ಕೆಲಸದಲ್ಲಿ ದಿನ ಕಳೆದರೆ ಅವನ ಮನೆಯವರು ಏನೆಂದಾರೆಂಬುದನ್ನು ಊಹಿಸಬಹುದು. ಆದರೂ ಬಳಗವು ಬಾಳಿತು. ಊರಿನ ಮಕ್ಕಳು ಬಿದ್ದ ಮರಿಯನ್ನು ಕಂಡೊಡನೆ ಕೂಗಿ ತಿಳಿಸುವುದನ್ನು ಆಟದಂತೆ ಕಲಿತರು.

2007ರಲ್ಲಿ ಸರ್ಕಾರವು ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಜನರ ಸ್ವಂತ ಭೂಮಿಯಲ್ಲಿ, ಜನರ ಒಪ್ಪಿಗೆಯಿಂದ, ವನ್ಯಜೀವಿಯನ್ನು ಕಾಪಾಡಲು ಕಾನೂನಿನಲ್ಲಿ ಕಲ್ಪಿಸಿದ ಏರ್ಪಾಡು ಅದು. ರಾಷ್ಟ್ರೀಯ ಉದ್ಯಾನವೆಂದರೆ ಊರನ್ನು ಎಬ್ಬಿಸಬೇಕಾಗುತ್ತಿತ್ತು. ಊರನ್ನು ಎಬ್ಬಿಸಿದ್ದರೆ ಹಕ್ಕಿಗಳು ನಿಲ್ಲುತ್ತಿದ್ದವೆಂದು ಯಾರು ಹೇಳಬಲ್ಲರು? ಮನುಷ್ಯರು ಓಡಾಡುವ ಕಡೆ ಹದ್ದು ಕಾಗೆಗಳ ಹಾವಳಿ ಕಡಿಮೆಯೆಂಬುದನ್ನು ಈ ಹಕ್ಕಿಗಳು ಕಂಡುಕೊಂಡಿರುವಂತೆ ತೋರುತ್ತದೆ.

ಕಾನೂನಿನ ಗೆರೆಯು ಊರಿನ ಎಲ್ಲೆಯಲ್ಲಿ ನಿಲ್ಲುತ್ತದೆ. ಹಕ್ಕಿಯ ಊಟದ ಎಲೆ ಮಾತ್ರ ಅದರ ಆಚೆಗಿದೆ. ಮದ್ದೂರಿನ ಕೆರೆ, ತೈಲೂರಿನ ಕೆರೆ, ಸೂಳೆಕೆರೆ, ಶಿಂಷೆಯ ಮಡುಗಳು, ಇನ್ನೂ ದೂರದ ಮಳವಳ್ಳಿಯ ಕಡೆಯ ನೀರು, ಇವೇ ಅವುಗಳ ಉಗ್ರಾಣ. ಕೆರೆ ಬತ್ತಿದರೆ, ಹೊಳೆಯ ಮರಳನ್ನು ಬಗೆದು ಒಯ್ದರೆ, ಊರುಗಳ ಕೊಳಚೆ ನೀರಿಗೆ ಸೇರಿದರೆ, ಬೆಳ್ಳೂರಿನ ಮರದ ಮೇಲಿನ ಗೂಡಿಗೆ ಅದು ತಟ್ಟದೆ ಇರುವುದಿಲ್ಲ. 2017ರ ಕೊನೆಯಲ್ಲಿ ಅದು ಕಣ್ಣಿಗೆ ಕಾಣುವಂತೆಯೇ ಆಯಿತು. ಚೆನ್ನಾಗಿಯೇ ಇದ್ದ ಹೆಜ್ಜಾರ್ಲೆಗಳು ಮರದಿಂದ ಜಾರಿ ಬಿದ್ದು ಸಾಯತೊಡಗಿದವು. 2018ರ ಮೊದಲ ತಿಂಗಳುಗಳಲ್ಲಿಯೂ ಸಾವು ನಿಲ್ಲಲಿಲ್ಲ, ಸತ್ತವು ಹತ್ತಾರು. ಹೊಟ್ಟೆ ಕೊಯ್ದು ನೋಡಿದ ವೈದ್ಯರಿಗೆ ಸಿಕ್ಕಿದ್ದು ದುಂಡುಹುಳುಗಳು, ಮೀನಿನ ಮೂಲಕ ಹಕ್ಕಿಯ ಒಡಲನ್ನು ಸೇರುವ ಜಾತಿಯವು. ತವರಿನ ಅಂಗಳದಲ್ಲಿ ಯಾರೂ ಕಲ್ಲೆಸೆಯಲಿಲ್ಲ, ಬಲೆ ಹಾಕಲಿಲ್ಲ. ರೋಗವು ಊಟದಲ್ಲಿಯೇ ಬಂದಿತ್ತು.

ನೋಡಹೋಗುವವರಿಗೆ ಎರಡು ಮಾತು. ಜನವರಿಯಿಂದ ಏಪ್ರಿಲಿನವರೆಗೆ ಹೋಗುವುದು ಒಳ್ಳೆಯದು. ಬೆಳಗ್ಗೆ ಬೇಗ, ಇಲ್ಲವೆ ಸಂಜೆ ಹಕ್ಕಿಗಳು ಕೆರೆಗಳಿಂದ ಹಿಂದಿರುಗುವ ಹೊತ್ತಿನಲ್ಲಿ. ದುರ್ಬೀನು ಇದ್ದರೆ ಸರಿ, ಇಲ್ಲದಿದ್ದರೂ ಚಿಂತೆಯಿಲ್ಲ; ಹೆಜ್ಜಾರ್ಲೆಯನ್ನು ಈ ಊರು ಬಹು ಹತ್ತಿರದಿಂದಲೇ ತೋರಿಸುತ್ತದೆ. ತಲೆಗೆ ಒಂದು ಟೋಪಿ ಅವಶ್ಯಕ, ಕಾರಣವನ್ನು ವಿವರಿಸಬೇಕಾಗಿಲ್ಲ. ಹಕ್ಕಿ ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟುವವರು, ಮರದ ಕೆಳಗೆ ಪಟಪಟನೆ ಕಾರಿನ ಬಾಗಿಲು ಬಡಿಯುವವರು, ತೆರೆದ ಬಾಗಿಲೆಂದು ಅನ್ಯರ ಹಿತ್ತಲಿಗೆ ನುಗ್ಗುವವರು ಬಾರದೆ ಇದ್ದರೇ ಲೇಸು. ಅದು ಪ್ರದರ್ಶನಶಾಲೆಯಲ್ಲ, ಬಾಣಂತಿಯಿರುವ ಮನೆ. ಮನೆಯವರನ್ನು ‘ಅಮ್ಮ, ನೋಡಬಹುದೆ?’ ಎಂದು ಒಂದು ಮಾತು ಕೇಳಿದರೆ, ಒಳ್ಳೆಯ ಗೂಡು ಯಾವ ಮರದಲ್ಲಿದೆಯೆಂಬುದನ್ನು ಅವರೇ ತೋರಿಸುತ್ತಾರೆ.

ಹಳೆಯ ಮರಗಳು ಈಗ ಮೊದಲಿನಷ್ಟಿಲ್ಲ. ಅಪ್ಪನ ಕಾಲದಲ್ಲಿ ಒಂದಾಗಿದ್ದ ಹಿತ್ತಲು ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ಮೂರಾಗುತ್ತದೆ. ಒಬ್ಬನಿಗೆ ಮನೆ ಕಟ್ಟಲು ಜಾಗ ಬೇಕು, ಇನ್ನೊಬ್ಬನಿಗೆ ಮಗಳ ಮದುವೆಗೆ ಹಣ ಬೇಕು. ಹುಣಿಸೆಯ ಮರಕ್ಕೆ ಸೌದೆಯ ಬೆಲೆಯಂತೂ ಯಾವಾಗಲೂ ಇದೆ. ಇಂದು ನೆಟ್ಟ ಸಸಿಯು ಹೆಜ್ಜಾರ್ಲೆಯ ಭಾರವನ್ನು ತಾಳುವಷ್ಟು ಬಲಿಯಬೇಕಾದರೆ ನೆಟ್ಟವನ ಕೂದಲು ನರೆಯಬೇಕು.

ಮೇ ಕಳೆದು ಜೂನ್ ಬರುವ ಹೊತ್ತಿಗೆ ಕೊನೆಯ ಮರಿಗಳೂ ಹಾರಿಹೋಗಿರುತ್ತವೆ. ಮುಂಗಾರಿನ ಮೊದಲ ಮಳೆಗೆ ಎಲೆಗಳ ಮೇಲಿನ ಸುಣ್ಣ ತೊಳೆದು, ಮರ ಮತ್ತೆ ಹಸಿರಾಗುತ್ತದೆ. ಗುಂಡಿಯ ಗೊಬ್ಬರ ಗಾಡಿಯೇರಿ ಹೊಲಕ್ಕೆ ಹೋಗುತ್ತದೆ. ಗಾಳಿಗೆ ಉದುರಿದ ಗೂಡಿನ ಕಡ್ಡಿಗಳು ಒಲೆಗೆ ಸೇರುತ್ತವೆ. ಮರ ಕಡಿಯಬೇಕೆನ್ನುವವನಿಗೆ ಅನುಕೂಲವಾದ ತಿಂಗಳುಗಳೂ ಇವೇ. ಮೇಲೆ ಕೂಗುವವರು ಯಾರೂ ಇರುವುದಿಲ್ಲ. ದೀಪಾವಳಿಯ ಆಸುಪಾಸಿನ ಒಂದು ದಿನ ಮೊದಲ ಹೆಜ್ಜಾರ್ಲೆಗಳು ಬಂದು ಊರಿನ ಮೇಲೆ ಎರಡು ಮೂರು ಸುತ್ತು ಹಾಕುತ್ತವೆ, ಯಾವ ಮರ ಇದೆ, ಯಾವ ಮರ ಇಲ್ಲ ಎಂದು ನೋಡಿಕೊಳ್ಳುವಂತೆ.